ಮಳೆ ಸುರಿಯೋದು ನಮ್ಮೂರಲ್ಲಿ, ತುಂಗೆಯ ನೀರಿಗೆ ಆಂಧ್ರದ ತಕರಾರು ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತುಂಗಾ ಹೊಳೆ ದಂಡೆಯ ಒಂದು ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ ಇದೆ, ಅದರ ಕೆಳಗೆ ಸ್ವಲ್ಪ ಗದ್ದೆ. ಬೇಸಿಗೆಯಲ್ಲಿ 5 ಹೆಚ್‌ಪಿ ಮೋಟರಿನಲ್ಲಿ ಹೊಳೆಯಿಂದ ನೀರು ಎತ್ತುತ್ತೇವೆ. ಅಪ್ಪ ತೆಗೆದುಕೊಂಡಿದ್ದ ಅನುಮತಿ ಪತ್ರ ಇನ್ನೂ ಅವರ ಹೆಸರಲ್ಲೇ ಇದೆ, ಅವರು ಹೋಗಿ ಆರು ವರ್ಷವಾಯಿತು. ತುಂಗಾ, ಭದ್ರಾ ನೀರನ್ನು ಒಣ ಜಿಲ್ಲೆಗಳಿಗೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಗೆ ಆಂಧ್ರ, ತೆಲಂಗಾಣ ತಕರಾರು ತೆಗೆದಿವೆ ಅಂತ ಪೇಪರಿನಲ್ಲಿ ಓದಿದಾಗಿನಿಂದ ಊರಲ್ಲಿ ಅದೇ ಮಾತು. ರಾಜ್ಯಗಳ ನೀರಿನ ಜಗಳ ತೀರ್ಮಾನಿಸುವ ಟ್ರಿಬ್ಯುನಲ್ ಅವರ ಪರವಾದರೆ ಹೊಳೆದಂಡೆಯ ಮೋಟರನ್ನೆಲ್ಲ ತೆಗೆಸುತ್ತಾರೆ ಅಂತ ಕೆಲವರು. ನಾವೇ ಸುಪ್ರೀಂ ಕೋರ್ಟಿಗೆ ಹೋಗೋಣ ಅಂತ ಇನ್ನು ಕೆಲವರು. ನನ್ನ ಪ್ರಶ್ನೆ ಇಷ್ಟೇ ಸರ್. ಮಳೆ ನಮ್ಮದು. ನೆರೆ ಬಂದರೆ ಕೊಚ್ಚಿಹೋಗುವುದು ನಮ್ಮ ತೋಟ. ಅಣೆಕಟ್ಟು ಕಟ್ಟಿದರೆ ಮುಳುಗುವುದು ನಮ್ಮ ಜಾಗ. ಹಾಗಿದ್ದ ಮೇಲೆ ನೀರು ಮಾತ್ರ ಅವರದ್ದು ಹೇಗಾಯಿತು?

ಉತ್ತರ: ಮೊದಲು ಮೋಟರಿನ ಮಾತು ಮುಗಿಸಿಬಿಡೋಣ. ಅಂತರರಾಜ್ಯ ಜಲವಿವಾದದ ತೀರ್ಪು ಹಿಡಿದುಕೊಂಡು ನಿಮ್ಮ ತೋಟದ ಮೋಟರು ಕೀಳಿಸುವುದಕ್ಕೆ ಆಂಧ್ರಕ್ಕೂ ಆಗುವುದಿಲ್ಲ, ತೆಲಂಗಾಣಕ್ಕೂ ಆಗುವುದಿಲ್ಲ. ಟ್ರಿಬ್ಯುನಲ್ ರಾಜ್ಯಗಳ ಜೊತೆ ಮಾತಾಡುತ್ತದೆ, ರೈತರ ಜೊತೆ ಅಲ್ಲ. ಹಾಗಂತ ನಿಮ್ಮ ಮೋಟರಿಗೆ ಯಾವ ತೊಂದರೆಯೂ ಬರಲ್ಲ ಅಂತ ನಾನು ಹೇಳುತ್ತಿಲ್ಲ. ತೊಂದರೆ ಬಂದರೆ ಅದು ಕರ್ನೂಲಿನಿಂದ ಬರುವುದಿಲ್ಲ, ಶಿವಮೊಗ್ಗದಿಂದ ಬರುತ್ತದೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ನಾನು ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನು. ಕೆಲಸದ ಹೆಚ್ಚಿನ ವರ್ಷ ಕಳೆದದ್ದು ತುಂಗಾ, ಭದ್ರಾ ಸೀಮೆಯಲ್ಲಿ. ಕೊನೆಯ ಕೆಲವು ವರ್ಷ ಜಲವಿವಾದದ ವಕೀಲರಿಗೆ ಬೇಕಾದ ಅಂಕಿ ಅಂಶದ ಪಟ್ಟಿ ತಯಾರು ಮಾಡುವ ಕೆಲಸದಲ್ಲಿದ್ದೆ. ಕೋರ್ಟಿನಲ್ಲಿ ನಿಂತು ವಾದ ಮಾಡಿದವನಲ್ಲ. ವಾದಕ್ಕೆ ಬೇಕಾದ ಲೆಕ್ಕ ಎಲ್ಲಿಂದ ಬರುತ್ತದೆ, ಎಲ್ಲಿ ಸೋರುತ್ತದೆ ಅನ್ನುವುದು ಗೊತ್ತು.

"ಮಳೆ ನಮ್ಮದು, ನೀರು ನಮ್ಮದು" ಅನ್ನುವ ಮಾತು ನಿಮ್ಮೂರಿನದ್ದು ಮಾತ್ರ ಅಲ್ಲ. 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ ಅನ್ನುವವರು ಮೆಕ್ಸಿಕೋ ಜೊತೆಗಿನ ಹೊಳೆ ಜಗಳದಲ್ಲಿ ಇದನ್ನೇ ಹೇಳಿದ್ದರು. ನಮ್ಮ ನೆಲದಲ್ಲಿರುವ ನೀರನ್ನು ನಾವು ಏನು ಬೇಕಾದರೂ ಮಾಡಬಹುದು ಅಂತ. ಕೊನೆಗೆ ಅಮೆರಿಕವೇ ಆ ವಾದದ ಮೇಲೆ ನಿಲ್ಲಲಿಲ್ಲ. 1906ರಲ್ಲಿ ಒಪ್ಪಂದ ಮಾಡಿಕೊಂಡು ಮೆಕ್ಸಿಕೋಗೆ ನೀರು ಕೊಟ್ಟಿತು. ನಮ್ಮ ದೇಶದ ಯಾವ ಟ್ರಿಬ್ಯುನಲ್ಲೂ ಈ ವಾದ ಒಪ್ಪಿಲ್ಲ. ಕಾವೇರಿ ಪ್ರಕರಣದಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳಿತು. ಹಲವು ರಾಜ್ಯಗಳಲ್ಲಿ ಹರಿಯುವ ನದಿ ಇಡೀ ದೇಶದ ಆಸ್ತಿ, ಯಾವ ಒಂದು ರಾಜ್ಯವೂ ತನ್ನದೇ ಅನ್ನುವ ಹಾಗಿಲ್ಲ ಅಂತ. ಕೆಳಗಿನವರಿಗೂ ಇದೇ ಮಾತು. ಹರಿದು ಬರುವ ನೀರೆಲ್ಲ ನಮಗೇ ಬರಲಿ ಅಂತ ಅವರೂ ಕೇಳುವ ಹಾಗಿಲ್ಲ.

ನಿಮ್ಮ ಕಡೆ ಅಬ್ಬಿ ನೀರು ಹಂಚಿಕೊಳ್ಳುವುದಿಲ್ಲವೇ, ಹಾಗೆ. ಗುಡ್ಡದ ಮೇಲಿನ ಒರತೆಯಿಂದ ದಂಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದಲ್ಲಿ, ನೀರು ಇಳಿಯುತ್ತದೆ. ಈಗ ದಂಬೆ ಹೋಗಿ ಪೈಪು ಬಂದಿದೆ, ಅಷ್ಟೇ. ಮೊದಲ ಮನೆಯವರು ಮೊದಲು ತುಂಬಿಸಿಕೊಳ್ಳುತ್ತಾರೆ, ಸರಿ. ಒರತೆ ನಮ್ಮ ಹಿತ್ತಲಲ್ಲಿದೆ ಅಂತ ಪೈಪು ಮುಚ್ಚಿಬಿಟ್ಟರೆ ಕೆಳಗಿನ ಮನೆಯವರು ಸುಮ್ನೆ ಇರ್ತಾರಾ? ಊರಿನವರು ಕೂತು ಮಾತಾಡುವುದು ಒರತೆ ಯಾರದ್ದು ಅಂತ ಅಲ್ಲ. ಯಾರಿಗೆ ಎಷ್ಟು ಬೇಕು, ಯಾರು ಮೊದಲಿನಿಂದ ಎಷ್ಟು ಬಳಸುತ್ತಿದ್ದರು ಅಂತ. ಟ್ರಿಬ್ಯುನಲ್ ಮಾಡುವ ಕೆಲಸವೂ ಇದೇ.

ಇನ್ನೊಂದು ಮಾತು. ಕೆಳಗಿನವರು ಅಂದಾಗ ನಮ್ಮ ಕಣ್ಣಿಗೆ ಬರೀ ಆಂಧ್ರ ಕಾಣುತ್ತದೆ. ನಿಮ್ಮ ಮನೆ ಮುಂದೆ ಹರಿದ ನೀರು ಗಾಜನೂರು ದಾಟಿ, ಶಿವಮೊಗ್ಗ ದಾಟಿ, ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿಕೊಂಡು, ಹೊನ್ನಾಳಿ, ಹರಿಹರ ಕಂಡು ಹೊಸಪೇಟೆಗೆ ಹೋಗುತ್ತದೆ. ಗಾಜನೂರಿನ ಅಣೆಕಟ್ಟಿನಲ್ಲಿ ನಿಲ್ಲುವುದು 3.24 ಟಿಎಂಸಿ ಮಾತ್ರ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಮಳೆ ಹಿಡಿಯಿತು ಅಂದರೆ ಅದು ತುಂಬುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿನ ಮಂಟಪ ಮುಳುಗಿತು ಅಂತ ನಾವು ನೋಡಲು ಹೋಗುತ್ತೇವಲ್ಲ, ಆ ದಿನ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರು ಸಸಿಮಡಿಗೆ ಭತ್ತ ನೆನೆಹಾಕುವ ಯೋಚನೆ ಮಾಡುತ್ತಾರೆ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ ಹಂಚಿಕೆಗೆ ಇಟ್ಟ ಲೆಕ್ಕ 212 ಟಿಎಂಸಿ. ಅದರಲ್ಲಿ ಕರ್ನಾಟಕಕ್ಕೆ 138.99, ಅವಿಭಜಿತ ಆಂಧ್ರಕ್ಕೆ 73.01. ನಿಮ್ಮೂರಿಂದ ಹೋದ ನೀರಿನಲ್ಲಿ ದೊಡ್ಡ ಪಾಲು ನಮ್ಮವರ ಗದ್ದೆಗೇ ಹೋಗುತ್ತದೆ.

ಈ ತಕರಾರಿಗೆ ಭದ್ರಾ ಮೇಲ್ದಂಡೆಗಿಂತ ಬಹಳ ಹಿಂದಿನ ಚರಿತ್ರೆ ಇದೆ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಸರ್ಕಾರಕ್ಕೂ ಒಂದು ಒಪ್ಪಂದ ಆಯಿತು. ಅದನ್ನು ಎಲ್ಲರೂ ಕಾವೇರಿ ಒಪ್ಪಂದ ಅಂತಲೇ ನೆನಪಿಟ್ಟುಕೊಂಡಿದ್ದಾರೆ. ಆದರೆ ಅದರ ಪಟ್ಟಿ ತೆಗೆದು ನೋಡಿದರೆ ತುಂಗಭದ್ರಾ, ತುಂಗಾ, ಭದ್ರಾ ಅಂತ ಮೂರೂ ಹೆಸರು ಬೇರೆ ಬೇರೆಯಾಗಿ ಇವೆ. ಮದ್ರಾಸಿನ ಒಪ್ಪಿಗೆ ಇಲ್ಲದೆ ಈ ಹೊಳೆಗಳಿಗೆ ಮೈಸೂರು ಹೊಸ ಜಲಾಶಯ ಕಟ್ಟುವ ಹಾಗಿರಲಿಲ್ಲ. ನಾನು ಆ ಪಟ್ಟಿ ಮೊದಲ ಸಲ ಓದಿದ ದಿನ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಬಟ್ಟೆ ಒಗೆಯಲು, ಈಜಲು ಹೋಗುತ್ತಿದ್ದ ಹೊಳೆಯ ಹೆಸರು ಯಾರದೋ ಕರಾರಿನಲ್ಲಿ ನೂರು ವರ್ಷದಿಂದ ಕೂತಿದೆ ಅಂದರೆ ಹೇಗಾಗಬೇಡ?

ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದಲ್ಲಿ 262ನೇ ವಿಧಿ ಬಂತು. ಅದರ ಕೆಳಗೆ 1956ರಲ್ಲಿ ಅಂತರರಾಜ್ಯ ಜಲವಿವಾದ ಕಾಯ್ದೆ ಬಂತು. ಇದರ ಪ್ರಕಾರ ದೂರು ಕೊಡಬೇಕಾದ್ದು ರಾಜ್ಯ ಸರ್ಕಾರ. ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಕೇಂದ್ರ ಟ್ರಿಬ್ಯುನಲ್ ರಚಿಸಬೇಕು. ಟ್ರಿಬ್ಯುನಲ್ಲಿಗೆ ಹೋಗಬೇಕಾದ ಜಗಳವನ್ನು ಬೇರೆ ಕೋರ್ಟು ಕೈಗೆತ್ತಿಕೊಳ್ಳುವ ಹಾಗಿಲ್ಲ, ಸುಪ್ರೀಂ ಕೋರ್ಟೂ ಸೇರಿ. ಹಾಗಾದರೆ ಕಾವೇರಿ ಯಾಕೆ ಅಲ್ಲಿಗೆ ಹೋಯಿತು ಅಂತ ಕೇಳುತ್ತೀರಿ. ಅದು ಟ್ರಿಬ್ಯುನಲ್ ತೀರ್ಪು ಬಂದ ಮೇಲಿನ ಮೇಲ್ಮನವಿ. ತೀರ್ಪಿನ ವಿರುದ್ಧ ಬರುವ ಮನವಿ ಕೇಳುವ ಅಧಿಕಾರ ನಮಗಿದೆ ಅಂತ ಸುಪ್ರೀಂ ಕೋರ್ಟು 2016ರ ಡಿಸೆಂಬರ್‌ನಲ್ಲಿ ಹೇಳಿತು. ಅಲ್ಲೂ ಎದುರುಬದುರು ನಿಂತದ್ದು ರಾಜ್ಯಗಳೇ. ನಮ್ಮ ಹೊಳೆಯ ನೀರಿನ ಪಾಲು ಜಾಸ್ತಿ ಮಾಡಿ ಅಂತ ನೀವೂ ನಿಮ್ಮ ಊರಿನವರೂ ದುಡ್ಡು ಹಾಕಿ ದಿಲ್ಲಿಗೆ ಹೋದರೆ ಬಾಗಿಲಲ್ಲೇ ವಾಪಸ್ ಕಳಿಸುವ ಸಾಧ್ಯತೆ ಜಾಸ್ತಿ. ಆ ದುಡ್ಡು ಉಳಿಸಿ.

ಈಗ ಲೆಕ್ಕಕ್ಕೆ ಬರೋಣ. ತುಂಗಾ, ಭದ್ರಾ ಎರಡೂ ಕೃಷ್ಣಾ ಕೊಳ್ಳದ ಹೊಳೆಗಳು. ಕೃಷ್ಣೆಯ ಮೊದಲ ಟ್ರಿಬ್ಯುನಲ್ 1969ರಲ್ಲಿ ರಚನೆಯಾಯಿತು. ಅಧ್ಯಕ್ಷರು ಬಚಾವತ್. 1973ರಲ್ಲಿ ವರದಿ ಬಂತು, 1976ರಲ್ಲಿ ಗೆಜೆಟ್ ಆಯಿತು. ನೂರರಲ್ಲಿ 75 ವರ್ಷ ಖಾತ್ರಿಯಾಗಿ ಸಿಗುವ ನೀರು ಎಷ್ಟು ಅಂತ ನೋಡಿ 2,060 ಟಿಎಂಸಿ ಅಂದರು. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಕರ್ನಾಟಕದ 700ರ ಒಳಗೇ ಇನ್ನೊಂದು ಗೆರೆ ಎಳೆದರು. ತುಂಗಭದ್ರಾ ಉಪಕೊಳ್ಳದಲ್ಲಿ ಕರ್ನಾಟಕ ಬಳಸುವುದು ವರ್ಷಕ್ಕೆ 295 ಟಿಎಂಸಿ ದಾಟಬಾರದು. ಹೊಲಗದ್ದೆಯಿಂದ ಬಸಿದು ವಾಪಸ್ ಹೊಳೆಗೆ ಬರುವ ನೀರಿನ ಲೆಕ್ಕದಲ್ಲಿ ಸ್ವಲ್ಪ ಸೇರಿಸಿಕೊಳ್ಳಲು ಅವಕಾಶ ಇತ್ತು. ಅದು ಬಿಟ್ಟರೆ ಈ 295 ನಮ್ಮ ಮಿತಿ. ಶೃಂಗೇರಿಯಿಂದ ರಾಯಚೂರಿನವರೆಗೆ ಈ ಹೊಳೆಯ ನಂಬಿಕೆಯಲ್ಲಿರುವ ಎಲ್ಲ ಕನ್ನಡಿಗರೂ ಈ ಸಂಖ್ಯೆಯ ಒಳಗೇ ಬದುಕಬೇಕು.

ಇಲ್ಲಿ ನಿಮ್ಮ ಮೋಟರು ಎಷ್ಟು ದೊಡ್ಡದು ನೋಡೋಣ. ಒಂದು ಟಿಎಂಸಿ ಅಂದರೆ ಲೀಟರಿನಲ್ಲಿ ಸುಮಾರು 2,831 ಕೋಟಿ. ಗದ್ದೆ ಬಯಲಿನ ಮೇಲೆ ಒಂದು ಅಡಿ ಎತ್ತರಕ್ಕೆ ನಿಲ್ಲಿಸಿದರೆ ಸುಮಾರು 23 ಸಾವಿರ ಎಕರೆ ಮುಚ್ಚುತ್ತದೆ. ನಿಮ್ಮ ಮೋಟರು ಸೆಕೆಂಡಿಗೆ 5 ಲೀಟರ್ ಎತ್ತುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 6 ಗಂಟೆ, 120 ದಿನ. ಬೇಸಿಗೆ ಪೂರ್ತಿ ಸೇರಿ 1 ಕೋಟಿ 30 ಲಕ್ಷ ಲೀಟರ್ ಆಗುತ್ತದೆ. ಇಂಥ ಎರಡು ಸಾವಿರದ ಮೇಲೆ ಮೋಟರು ಓಡಿದರೆ ಒಂದು ಟಿಎಂಸಿ. 295ರಲ್ಲಿ ಒಂದು. ಜಲವಿವಾದದ ಮೇಜಿನ ಮೇಲೆ ನಿಮ್ಮ ಮೋಟರು ಕಣ್ಣಿಗೆ ಕಾಣುವ ವಸ್ತುವೇ ಅಲ್ಲ.

ಆದರೆ ಬೇಸಿಗೆಯ ಹೊಳೆಯಲ್ಲಿ ಕಾಣುತ್ತದೆ. ಏಪ್ರಿಲ್‌ನಲ್ಲಿ ಬಂಡೆ ಎದ್ದು, ಮಧ್ಯದಲ್ಲಿ ಸಣ್ಣ ಹರಿವು ಉಳಿದಾಗ, ಎರಡೂ ದಂಡೆಯಲ್ಲಿ ಮೋಟರುಗಳು ಸಾಲಾಗಿ ಎತ್ತುತ್ತಿದ್ದರೆ ಪಟ್ಟಣಗಳ ಕುಡಿಯುವ ನೀರಿಗೆ ಪೆಟ್ಟು ಬೀಳುತ್ತದೆ. ಆಗ ಜಿಲ್ಲಾಡಳಿತದ ಆದೇಶ ಬರುತ್ತದೆ, ಮೆಸ್ಕಾಂನವರು ಹೊಳೆದಂಡೆಯ ಲೈನಿನ ಕರೆಂಟು ತೆಗೆಯುತ್ತಾರೆ. ಶಿವಮೊಗ್ಗದಿಂದ ತೊಂದರೆ ಬರುತ್ತದೆ ಅಂದೆನಲ್ಲ, ಅದು ಇದು. ಇದಕ್ಕೂ ಟ್ರಿಬ್ಯುನಲ್ಲಿಗೂ ಸಂಬಂಧ ಇಲ್ಲ. ಕುಡಿಯುವ ನೀರಿಗೆ ಮೊದಲ ಜಾಗ, ಅದು ನಮ್ಮ ರಾಜ್ಯದ್ದೇ ನಿಯಮ.

ಬಚಾವತ್ ತೀರ್ಪಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಎರಡು ಸಂಗತಿ ನಿಮಗೆ ಉಪಯೋಗಕ್ಕೆ ಬರುತ್ತವೆ. ಒಂದು, ನೆಲದಡಿಯ ನೀರು ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಬಾವಿ, ಬೋರ್‌ವೆಲ್ ನೀರನ್ನು ಕೃಷ್ಣಾ ನದಿಯ ಬಳಕೆ ಅಂತ ಎಣಿಸುವ ಹಾಗಿಲ್ಲ ಅಂತ ತೀರ್ಪಿನಲ್ಲೇ ಬರೆದಿದೆ. ತೋಟದ ಬಾವಿಗೂ ಮುಂದೆ ಕುತ್ತು ಬರುತ್ತದೆ ಅಂತ ಯಾರಾದರೂ ಹೆದರಿಸಿದರೆ, ಈ ವಿವಾದದಿಂದಂತೂ ಬರಲ್ಲ. ಎರಡು, ಕುಡಿಯಲು ಎತ್ತಿದ ನೀರಿನಲ್ಲಿ ನೂರಕ್ಕೆ 20 ಭಾಗವನ್ನು ಮಾತ್ರ ಬಳಕೆ ಅಂತ ಹಿಡಿಯುತ್ತಾರೆ, ಉಳಿದ 80 ಚರಂಡಿಯ ಮೂಲಕ ವಾಪಸ್ ಹೊಳೆಗೆ ಬರುತ್ತದೆ ಅನ್ನುವ ಲೆಕ್ಕ. ಕಾರ್ಖಾನೆಗಾದರೆ ಎರಡೂವರೆ ಭಾಗ ಮಾತ್ರ. ಆ 80 ಭಾಗ ಎಂಥ ನೀರಾಗಿ ವಾಪಸ್ ಬರುತ್ತದೆ ಅನ್ನುವುದು ಶಿವಮೊಗ್ಗದ ಕೆಳಗೆ ಹೊಳೆ ನೋಡಿದವರಿಗೆ ಗೊತ್ತು. ನನಗೆ ಅದರ ನೋವು ಬಹಳ ಇದೆ. ತೀರ್ಪಿನಲ್ಲಿ ನೀರಿನ ಪ್ರಮಾಣಕ್ಕೆ ಪಟ್ಟಿ ಇದೆ, ನೀರಿನ ಗುಣಕ್ಕೆ ಅಂಥ ಪಟ್ಟಿ ಇಲ್ಲ.

ಇನ್ನು ಭದ್ರಾ ಮೇಲ್ದಂಡೆ. ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರಾ ಜಲಾಶಯಕ್ಕೆ ಹಾಕುವುದು, ಭದ್ರೆಯಿಂದ 29.9 ಟಿಎಂಸಿ ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರು, ದಾವಣಗೆರೆ, ಚಿಕ್ಕಮಗಳೂರು ಜಿಲ್ಲೆಗಳ ಒಣಭೂಮಿಗೆ, ಕೆರೆಗಳಿಗೆ ಕೊಡುವುದು. 2023ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಕೊಡುತ್ತೇವೆ ಅಂದಾಗ ಆಂಧ್ರ, ತೆಲಂಗಾಣದ ಕೂಗು ಜೋರಾಯಿತು. ನಮ್ಮ ಸರ್ಕಾರದ ವಾದ, ಇದು ನಮ್ಮ ಪಾಲಿನ ಒಳಗಿನ ನೀರು ಅಂತ. ಅವರ ವಾದ, ಇನ್ನೂ ಜಾರಿಗೆ ಬರದ ತೀರ್ಪು ನಂಬಿ ಯೋಜನೆ ಮಾಡುತ್ತಿದ್ದೀರಿ, ನಮಗೆ ಹರಿದು ಬರುವುದು ಕಡಿಮೆಯಾಗುತ್ತದೆ ಅಂತ.

ಜಾರಿಗೆ ಬರದ ತೀರ್ಪು ಅಂದರೆ ಎರಡನೇ ಕೃಷ್ಣಾ ಟ್ರಿಬ್ಯುನಲ್‌ದು. 2004ರಲ್ಲಿ ರಚನೆ, ಅಧ್ಯಕ್ಷರು ಬ್ರಿಜೇಶ್ ಕುಮಾರ್. 2010ರ ಡಿಸೆಂಬರ್ 30ಕ್ಕೆ ತೀರ್ಪು, 2013ರ ನವೆಂಬರ್‌ನಲ್ಲಿ ತಿದ್ದುಪಡಿ. ಕರ್ನಾಟಕಕ್ಕೆ ಕೊನೆಗೆ 907 ಟಿಎಂಸಿ ಅಂತ ಆಯಿತು. ಬಚಾವತ್ ಅವರು ಒಳ್ಳೆಯ ಮಳೆ ವರ್ಷದ ಹೆಚ್ಚುವರಿ ನೀರನ್ನು ಹಂಚಿರಲಿಲ್ಲ. ಕೊನೆಯಲ್ಲಿರುವ ಆಂಧ್ರ ಅದನ್ನು ಬಳಸಿಕೊಳ್ಳಲಿ, ಆದರೆ ಅದರಿಂದ ಹಕ್ಕು ಹುಟ್ಟುವುದಿಲ್ಲ ಅಂದಿದ್ದರು. ಬ್ರಿಜೇಶ್ ಕುಮಾರ್ ಆ ಹೆಚ್ಚುವರಿಯನ್ನೂ ಹಂಚಿದರು. ಮೂವತ್ತು ವರ್ಷ ಆ ನೀರು ನಂಬಿ ಕಾಲುವೆ ತೋಡಿಕೊಂಡವರಿಗೆ ಅದು ಸಿಟ್ಟು ತರಿಸಿತು. ನಮ್ಮವರು ಆ ಜಾಗದಲ್ಲಿದ್ದರೂ ಸಿಟ್ಟಾಗುತ್ತಿದ್ದರು. ಆಂಧ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಮುಂದಿನ ಆದೇಶದವರೆಗೆ ತೀರ್ಪನ್ನು ಗೆಜೆಟ್ಟಿನಲ್ಲಿ ಪ್ರಕಟಿಸಬೇಡಿ ಅಂತ 2011ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಹೇಳಿತು. ಗೆಜೆಟ್ ಆಗದೆ ತೀರ್ಪಿಗೆ ಬಲ ಬರುವುದಿಲ್ಲ. ಆಮೇಲೆ 2014ರಲ್ಲಿ ತೆಲಂಗಾಣ ಹುಟ್ಟಿತು, ಆಂಧ್ರದ ಪಾಲನ್ನು ಅವರಿಬ್ಬರ ನಡುವೆ ಹಂಚುವ ಕೆಲಸವೂ ಇದೇ ಟ್ರಿಬ್ಯುನಲ್ಲಿನ ಮುಂದೆ ಬಂತು. ಹೀಗೆ ನಮ್ಮ ಕಡತ ಅವರ ಕಡತದ ಕೆಳಗೆ ಸೇರಿಕೊಂಡಿದೆ.

ನಿಮಗೆ ಇದರಿಂದ ಏನು? ತುಂಗೆಯಿಂದ ನೀರು ಎತ್ತುವುದು ಗಾಜನೂರು ಹಿನ್ನೀರಿನ ಕಡೆಯಿಂದ. ಅದು ತೀರ್ಥಹಳ್ಳಿಗಿಂತ ಕೆಳಗೆ. ಅಲ್ಲಿ ಎತ್ತಿದರು ಅಂತ ನಿಮ್ಮ ಮನೆ ಮುಂದಿನ ಹರಿವು ಒಂದು ಕೊಡವೂ ಕಡಿಮೆಯಾಗುವುದಿಲ್ಲ. ಆದರೆ ಕೆಳಗಡೆ ಬೇಡಿಕೆ ಹೆಚ್ಚಿದಷ್ಟೂ ಬೇಸಿಗೆಯಲ್ಲಿ ಮೇಲಿನವರು ಎತ್ತುವುದನ್ನು ನಿಲ್ಲಿಸಿ ಅನ್ನುವ ಒತ್ತಡ ಬೇಗ ಬರುತ್ತದೆ. ಇದು ನನ್ನ ಅನುಭವದ ಮಾತು. ಹಾಗಾಗಿ ನೀವು ಸರ್ಕಾರವನ್ನು ಕೇಳಬೇಕಾದ ಪ್ರಶ್ನೆ "ತುಂಗೆಯ ನೀರು ಯಾಕೆ ಕೊಡುತ್ತೀರಿ" ಅಂತಲ್ಲ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎತ್ತುತ್ತೀರಿ, ಹೊಳೆಯಲ್ಲಿ ಎಷ್ಟು ಹರಿವು ಇದ್ದರೆ ಎತ್ತುವುದನ್ನು ನಿಲ್ಲಿಸುತ್ತೀರಿ, ಅದನ್ನು ಬರೆದು ಕೊಡಿ ಅಂತ ಕೇಳಿ. ಮಳೆಗಾಲದ ತುಂಬು ಹೊಳೆಯಿಂದ ಚಿತ್ರದುರ್ಗದ ಒಣ ಕೆರೆಗೆ ನೀರು ಹೋದರೆ ನನಗೆ ಸಂತೋಷವೇ. ಜನವರಿಯ ನಂತರ ಎತ್ತುವುದಾದರೆ ನಾನೂ ನಿಮ್ಮ ಜೊತೆ ನಿಂತು ಬೇಡ ಅನ್ನುತ್ತೇನೆ.

ಈ ಜಗಳದ ಹೆಚ್ಚು ಬಿಸಿ ರಾಜ್ಯದ ಒಳಗೇ ಇದೆ ಅನ್ನುವುದನ್ನೂ ಗಮನಿಸಿ. 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆಯ ಹತ್ತಿರ ಬೇರೆ ತಾಲ್ಲೂಕುಗಳ ಕುಡಿಯುವ ನೀರಿನ ಕಾಮಗಾರಿಗೆ ಅಗೆದಾಗ ದಾವಣಗೆರೆಯ ರೈತರು ಬೀದಿಗಿಳಿದರು. ಅದರಲ್ಲಿ ಆಂಧ್ರ ಎಲ್ಲೂ ಇರಲಿಲ್ಲ. ರಾಜ್ಯದ ಒಳಗಿನ ಇಂಥ ಹಂಚಿಕೆಗೆ 1956ರ ಕಾಯ್ದೆಯ ಟ್ರಿಬ್ಯುನಲ್ ಇಲ್ಲ. ಶರಾವತಿಯನ್ನೇ ನೋಡಿ. ನಿಮ್ಮ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಕರ್ನಾಟಕದಲ್ಲೇ ಸಮುದ್ರ ಸೇರುತ್ತದೆ. ನೆರೆರಾಜ್ಯದ ತಕರಾರು ಇಲ್ಲ. ಅದರಿಂದ ಅಲ್ಲಿಯ ಜನರಿಗೆ ಒಳ್ಳೆಯದಾಯಿತಾ? ಲಿಂಗನಮಕ್ಕಿಯ 151 ಟಿಎಂಸಿ ನೀರಿನ ಕೆಳಗೆ ಊರು ಬಿಟ್ಟವರಲ್ಲಿ ಎಷ್ಟೋ ಕುಟುಂಬ ಅರವತ್ತು ವರ್ಷ ಕಳೆದರೂ ಹಕ್ಕುಪತ್ರಕ್ಕೆ ಓಡಾಡುತ್ತಿವೆ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ತಟ್ಟಿದ ಸಾಲು ಅದೇ, ಮುಳುಗುವುದು ನಮ್ಮ ಜಾಗ ಅಂದದ್ದು. ಕೃಷ್ಣಾ ತೀರ್ಪಿನ ಹಂಚಿಕೆ ಪಟ್ಟಿಗಳನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಯೋಜನೆಯ ಹೆಸರು, ನೀರಿನ ಪ್ರಮಾಣ, ಆವಿಯಾಗುವ ನೀರು, ಎಲ್ಲಕ್ಕೂ ಕಾಲಂ ಇದೆ. ಮುಳುಗಿದ ಮನೆಗೆ ಇಲ್ಲ. ಇದು ಆಗದ ಕೆಲಸ ಏನಲ್ಲ. ನರ್ಮದಾ ಟ್ರಿಬ್ಯುನಲ್ 1979ರ ತೀರ್ಪಿನಲ್ಲಿ ಮುಳುಗಡೆಯಾಗುವವರಿಗೆ ಜಮೀನು, ಪುನರ್ವಸತಿ ಕೊಡಬೇಕು ಅಂತ ಬರೆಯಿತು. ಜಾರಿಯಾದ ರೀತಿ ಬೇರೆ ಕತೆ, ಆದರೆ ಬರೆಯಿತು. ಮಲೆನಾಡಿನವರು ನೀರಿನ ಪಾಲಿಗಿಂತ ಇದನ್ನು ಕೇಳಿದರೆ ನ್ಯಾಯದ ಬುಡ ಗಟ್ಟಿ ಇರುತ್ತದೆ. ಮಳೆ ನಮ್ಮದು ಅನ್ನುವ ವಾದ ಮೊದಲ ದಿನವೇ ಬಿದ್ದುಹೋಗುತ್ತದೆ. ನಷ್ಟ ನಮ್ಮದು ಅನ್ನುವ ವಾದವನ್ನು ಅಷ್ಟು ಸುಲಭವಾಗಿ ಬೀಳಿಸಲು ಆಗುವುದಿಲ್ಲ.

ಹಾಗಾದರೆ ಮಾಡುವುದೇನು. ಹೈಕೋರ್ಟಿಗೆ ಹೋಗುವ ದಾರಿ ನಿಮಗೆ ಮುಚ್ಚಿಲ್ಲ. ನೀರಿನ ಪಾಲಿಗಲ್ಲ, ಭೂಸ್ವಾಧೀನದ ಪರಿಹಾರ, ಕುಡಿಯುವ ನೀರು ಇಂಥ ವಿಷಯಕ್ಕೆ. ಪರಿಸರ, ಹೊಳೆಯ ಮಾಲಿನ್ಯಕ್ಕೆ ಹಸಿರು ನ್ಯಾಯಮಂಡಳಿಯೂ ಇದೆ. ಇದರಲ್ಲಿ ಖರ್ಚು, ವರ್ಷಗಟ್ಟಲೆ ಓಡಾಟ ಇದ್ದದ್ದೇ. ಅದಕ್ಕಿಂತ ದೊಡ್ಡ ಅಪಾಯ ಒಂದಿದೆ, ಅದನ್ನು ವಕೀಲರೂ ಕೆಲವು ಸಲ ಮರೆಯುತ್ತಾರೆ. ಅರ್ಜಿಗೆ ಬಲ ಬರಲಿ ಅಂತ "ತುಂಗೆಯಲ್ಲಿ ಕೊಡುವಷ್ಟು ನೀರೇ ಇಲ್ಲ" ಅಂತಲೋ "ಸರ್ಕಾರ ಪಾಲಿಗಿಂತ ಜಾಸ್ತಿ ಎತ್ತುತ್ತಿದೆ" ಅಂತಲೋ ಅಂದಾಜಿಗೆ ಬರೆದುಬಿಟ್ಟರೆ, ನಾಳೆ ಅದೇ ಹಾಳೆಯನ್ನು ನೆರೆರಾಜ್ಯದ ವಕೀಲರು ಎತ್ತಿ ಹಿಡಿಯಬಹುದು. ನೋಡಿ, ಅವರ ರೈತರೇ ಹೇಳುತ್ತಿದ್ದಾರೆ ಅಂತ. ಕೋರ್ಟಿಗೆ ಹೋಗಬೇಡಿ ಅಂತ ಹೇಳುತ್ತಿಲ್ಲ. ನಿಮ್ಮ ನಷ್ಟ ಬರೆಯಿರಿ, ಹೊಳೆಯ ಲೆಕ್ಕವನ್ನು ದಾಖಲೆ ಇಲ್ಲದೆ ಬರೆಯಬೇಡಿ.

ದಾಖಲೆಯ ಬೆಲೆ ನಾನು ಕಲಿತದ್ದು ಒಂದು ಸಣ್ಣ ಪುಸ್ತಕದಿಂದ. ಹೊಳೆದಂಡೆಯಲ್ಲಿ ಅಡಿ ಇಂಚು ಬರೆದ ಅಳತೆ ಕಂಬ ನೆಟ್ಟಿರುತ್ತಾರಲ್ಲ, ಅದನ್ನು ನೋಡಿ ನೀರಿನ ಮಟ್ಟ ಬರೆಯುವ ಪುಸ್ತಕ. ಒಂದು ಕಡೆಯ ಹಳೆಯ ಪುಸ್ತಕ ತರಿಸಿಕೊಂಡು ನೋಡುತ್ತಿದ್ದೆ. ಜುಲೈ ತಿಂಗಳ ಪುಟ. ನಾಲ್ಕು ದಿನ ಒಂದೇ ಸಂಖ್ಯೆ, ಒಂದೇ ಶಾಯಿ, ಒಂದೇ ಓರೆಯಲ್ಲಿ. ಜುಲೈನಲ್ಲಿ ನಮ್ಮ ಹೊಳೆ ನಾಲ್ಕು ದಿನ ಒಂದೇ ಮಟ್ಟದಲ್ಲಿ ನಿಲ್ಲುತ್ತಾ? ಬರೆದವರನ್ನು ಹುಡುಕಿ ಕೇಳಿದೆ. "ಸಾರ್, ಕಂಬಕ್ಕೆ ಹೋಗುವ ದಾರಿಯೇ ಮುಳುಗಿತ್ತು, ಜೀವ ಇದ್ದರೆ ತಾನೇ ನಂಬರು" ಅಂದರು. ಅವರ ತಪ್ಪು ಅಂತ ನನಗೆ ಅನಿಸಲಿಲ್ಲ. ದಾರಿ ಮುಳುಗಿತ್ತು ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯದೆ ಹೋದದ್ದರಿಂದ ಆ ಇಡೀ ತಿಂಗಳ ಲೆಕ್ಕದ ಮೇಲೆ ಎದುರಿನವರು ಅನುಮಾನ ಎತ್ತಿದರು. ಹೊಳೆ ತುಂಬಿ ಹರಿದ ದಿನಗಳೇ ನಮ್ಮ ಪುಸ್ತಕದಲ್ಲಿ ಲೆಕ್ಕಕ್ಕಿಲ್ಲದೆ ಹೋದವು.

ಬಳಕೆಯ ಲೆಕ್ಕವೂ ಹೀಗೇ. ಜೂನ್ 1ರಿಂದ ಮೇ 31ರವರೆಗೆ ಒಂದು ಜಲವರ್ಷ. ಆ ವರ್ಷದ ಬಳಕೆಯನ್ನು ರಾಜ್ಯ ದಾಖಲೆಯಲ್ಲಿ ಇಡಬೇಕು. ದೊಡ್ಡ ಅಣೆಕಟ್ಟಿನ ಲೆಕ್ಕ ಸರಿಯಾಗಿ ಸಿಗುತ್ತದೆ. ಹೊಳೆದಂಡೆಯ ಮೋಟರು, ಹಳ್ಳಕ್ಕೆ ಕಟ್ಟಿದ ಒಡ್ಡು, ಸಣ್ಣ ಕೆರೆ, ಇವೆಲ್ಲ ಅಂದಾಜು. ಮಲೆನಾಡಿನ ಬಳಕೆ ಹೆಚ್ಚೂಕಡಿಮೆ ಪೂರ್ತಿ ಈ ಅಂದಾಜಿನ ಸಾಲಿನಲ್ಲೇ ಇದೆ. ಅನುಮತಿ ಇಲ್ಲದ ಮೋಟರು ಯಾವ ಸಾಲಿನಲ್ಲೂ ಇಲ್ಲ. ಬಚಾವತ್ ಅವರು ಪಾಲು ಮಾಡುವಾಗ 1960ರ ಸೆಪ್ಟೆಂಬರ್ ಹೊತ್ತಿಗೆ ಬಳಕೆಯಲ್ಲಿದ್ದ, ಬಳಸಲು ನಿರ್ಧಾರವಾಗಿದ್ದ ನೀರಿಗೆ ಮೊದಲ ರಕ್ಷಣೆ ಕೊಟ್ಟರು. ಕಾಗದದಲ್ಲಿ ಇದ್ದದ್ದು ಉಳಿಯಿತು. ಮುಂದೆ ರಾಜ್ಯದೊಳಗೆ ತುಂಗೆಯ ನೀರಿಗೆ ಕತ್ತರಿ ಹಾಕುವ ದಿನ ಬಂದರೆ, ಅಲ್ಲೂ ಮೊದಲು ಕೇಳುವುದು ಕಾಗದ.

ಹೆಸರು ದಾಖಲೆಗೆ ಹೋದರೆ ಬೇಸಿಗೆಯಲ್ಲಿ ಮೊದಲು ಕರೆಂಟು ಕತ್ತರಿಸುವುದು ನಮ್ಮದೇ ಅಲ್ವಾ ಅಂತ ನಿಮ್ಮ ಊರಿನವರು ಹೇಳಬಹುದು. ಆ ಭಯ ಸುಳ್ಳಲ್ಲ. ಪಟ್ಟಿಯಲ್ಲಿ ಇರುವವರನ್ನು ಹುಡುಕುವುದು ಸುಲಭ. ಆದರೆ ಪಟ್ಟಿಯಲ್ಲಿ ಇಲ್ಲದವರು ಪರಿಹಾರ ಕೇಳಲೂ ಆಗುವುದಿಲ್ಲ, ನಾವು ಇಷ್ಟು ವರ್ಷದಿಂದ ಬಳಸುತ್ತಿದ್ದೇವೆ ಅಂತ ಸಾಬೀತು ಮಾಡಲೂ ಆಗುವುದಿಲ್ಲ. ಎರಡು ತಿಂಗಳ ತೊಂದರೆಗೆ ಹೆದರಿ ಹಲವು ವರ್ಷದ ಸಾಕ್ಷಿ ಬಿಟ್ಟುಕೊಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕರೆಂಟು ಇಲ್ಲದ ವಾರಗಳಿಗೆ ತೋಟದಲ್ಲೇ ಒಂದು ಬಾವಿ ಅಥವಾ ಕೆರೆ ಇದ್ದರೆ ಮರ ಉಳಿಯುತ್ತದೆ. ಬಾವಿ ನೀರು ಟ್ರಿಬ್ಯುನಲ್ ಲೆಕ್ಕಕ್ಕೆ ಬರಲ್ಲ ಅಂತ ಮೊದಲೇ ಹೇಳಿದ್ದೇನೆ.

ಊರಿನವರೆಲ್ಲ ಸೇರುವುದಾದರೆ ದಿಲ್ಲಿಗೆ ಹೋಗುವ ದುಡ್ಡಿನಲ್ಲಿ ಹತ್ತು ರೂಪಾಯಿ ಮಾತ್ರ ಸಾಕು. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ನಿಮ್ಮ ಹೋಬಳಿಯಲ್ಲಿ ಹೊಳೆಯಿಂದ ಎತ್ತುವ ಅನುಮತಿ ಇರುವ ಮೋಟರು ಎಷ್ಟು, ಅವುಗಳ ಬಳಕೆ ಎಷ್ಟು ಅಂತ ಇಲಾಖೆ ಬರೆದುಕೊಂಡಿದೆ, ಹತ್ತಿರದ ಅಳತೆ ಕಂಬದ ಕಳೆದ ಹತ್ತು ಬೇಸಿಗೆಯ ಮಟ್ಟ ಏನು, ಈ ಮೂರು ಕೇಳಿ. ಉತ್ತರ ಬಂದಾಗ ಊರಿನಲ್ಲಿ ನಿಜವಾಗಿ ಓಡುವ ಮೋಟರಿಗೂ ಪುಸ್ತಕದಲ್ಲಿರುವ ಮೋಟರಿಗೂ ಎಷ್ಟು ವ್ಯತ್ಯಾಸ ಇದೆ ಅಂತ ನೀವೇ ನೋಡುತ್ತೀರಿ. ಆ ವ್ಯತ್ಯಾಸ ಹಿಡಿದುಕೊಂಡು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ.

ಇನ್ನು ನಿಮ್ಮ ಸ್ವಂತ ಕೆಲಸ. ತಂದೆಯವರ ಜಮೀನಿನ ಪೌತಿ ಖಾತೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ. ಆಮೇಲೆ ಪಹಣಿ, ಹಳೆಯ ಅನುಮತಿ ಪತ್ರ, ಮೋಟರಿನ ಆರ್.ಆರ್. ನಂಬರಿರುವ ಮೆಸ್ಕಾಂ ಬಿಲ್ಲು ಜೊತೆಗಿಟ್ಟು, ನೀರು ಎತ್ತುವ ಅನುಮತಿಯನ್ನು ನಿಮ್ಮ ಹೆಸರಿಗೆ ಮಾಡಿಕೊಡಿ ಅಂತ ನೀರಾವರಿ ಇಲಾಖೆಗೆ ಅರ್ಜಿ ಕೊಡಿ. ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. ಅಪ್ಪನ ಕಾಲದ ಆ ಮೂಲ ಪತ್ರ ಇದೆಯಲ್ಲ, ಅದನ್ನು ಮಾತ್ರ ಯಾವ ಕಚೇರಿಗೂ ಕೊಡಬೇಡಿ. ಜೆರಾಕ್ಸ್ ಕೊಡಿ. ಮೂಲ ಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಟ್ಟದ ಮೇಲೆ ಅಲ್ಲ, ಗೆದ್ದಲು ಹತ್ತದ, ಮಳೆಗಾಲದ ಥಂಡಿ ತಾಗದ ಕಡೆ ಇಡಿ.